ನೆರಳಿಗೆ ಎಳೆದ ಗೆರೆ

ಶಾಲೆಯ ಅಂಗಳದ ಮರದಡಿ ತರಗತಿಗೆಂದು ಕಲ್ಲುಬೆಂಚು ಕಟ್ಟಲು ಬಂದ ಗಾರೆಯಜ್ಜ ಎರಡು ದಿನ ಕರಣೆಯನ್ನೇ ಮುಟ್ಟಲಿಲ್ಲ. ಗಂಟೆ ಹೊಡೆದಾಗಲೆಲ್ಲ ಎದ್ದು, ನೆರಳಿನ ಅಂಚಿಗೆ ಸುಣ್ಣದ ಗೆರೆ ಎಳೆದು, ಮತ್ತೆ ಕೂರುತ್ತಿದ್ದ. ಹೆಡ್‌ಮಿಸ್ಸಿಗೆ ಸಿಟ್ಟು ನೆತ್ತಿಗೇರಿತು.

“ಏನಜ್ಜಾ, ಕಟ್ಟೋಕೆ ಕರೆಸಿದ್ದಾ, ಗೆರೆ ಎಳೆಯೋಕಾ?”

“ಈ ಬೆಂಚಿನ ನಕ್ಷೆ ಬರೆದವರು ಮರ ನೋಡಿದ್ದಾರೆ ತಾಯಿ, ನೆರಳು ನಡೆಯೋದನ್ನ ನೋಡಿಲ್ಲ.”

ಮೂರನೇ ದಿನ ಕೆಲಸ ಹಿಡಿದ. ಬೆಳಿಗ್ಗೆಯಿಂದ ಸಂಜೆಯವರೆಗೂ ನೆರಳಿರುವ ಜಾಗದಲ್ಲಿ ಮಕ್ಕಳ ಬೆಂಚುಗಳು ಅರ್ಧಚಂದ್ರದಂತೆ ಎದ್ದವು. ಪಾಠ ಮಾಡುವವರ ಕಟ್ಟೆ ಮಾತ್ರ ಬಿಸಿಲಿಗೆ ಬಿತ್ತು.

“ಅಯ್ಯೋ, ನಮಗೆ ಬಿಸಿಲಾ?” ಎಂದರು ಹೆಡ್‌ಮಿಸ್ಸು.

ಅಜ್ಜ ಕರಣೆ ತೊಳೆಯುತ್ತ ಹೇಳಿದ: “ನಮ್ಮ ಮೇಷ್ಟ್ರು ನನ್ನನ್ನ ದಿನಾ ಬಿಸಿಲಲ್ಲಿ ನಿಲ್ಲಿಸ್ತಿದ್ರು. ಎಷ್ಟು ಹೊತ್ತಾಯ್ತು ಅನ್ನೋದು ಅವರಿಗೆ ತಿಳೀತಾನೇ ಇರಲಿಲ್ಲ. ಅವರು ನೆರಳಲ್ಲಿ ಕೂತಿರ್ತಿದ್ರು.”