ಎರಡು ಅಂಕಣಗಳ ಪುಟ

ಬಾಂದ್ರಾ ಸ್ಟೇಷನ್ನಿನ ಹೊರಗೆ ಪಂಕ್ಚರ್ ಹಾಕುವವನು ರಬ್ಬರ್ ಸೊಲ್ಯೂಷನ್ನಿನ ಡಬ್ಬಿ ತೆರೆದ. ಆ ವಾಸನೆಗೆ ಎಂಬತ್ತರ ದಶಕದ ನಮ್ಮ ಪತ್ರಿಕಾ ಕಚೇರಿ ಕಣ್ಣೆದುರು ಬಂದು ನಿಂತಿತು...

ಮುಂಬಯಿಯ ಫೋರ್ಟಿನ ಆ ಕನ್ನಡ ವಾರಪತ್ರಿಕೆಯಲ್ಲಿ ಉತ್ತರ ಕರ್ನಾಟಕದ ಕಡೆಯವರೊಬ್ಬರು ಪುಟ ಕಟ್ಟುತ್ತಿದ್ದರು. ಟೈಪಾಗಿ ಬಂದ ಉದ್ದನೆಯ ಕಾಗದದ ಪಟ್ಟಿಗಳನ್ನು ಬ್ಲೇಡಿನಿಂದ ಕತ್ತರಿಸಿ, ಅಂಥದೇ ರಬ್ಬರ್ ಅಂಟಿನಿಂದ ಹಾಳೆಯ ಮೇಲೆ ಅಂಕಣ ಅಂಕಣವಾಗಿ ಅಂಟಿಸುವುದು ಅವರ ಕೆಲಸ. ಅನ್ಯಾಯಗಳನ್ನು ಹುಡುಕಿ ಬರೆಯುತ್ತಿದ್ದವಳು ನಾನು. ಓದುಗರು ಹೊಗಳುತ್ತಿದ್ದುದು ಅವರ ಪುಟವನ್ನು. ಸಮಾನತೆಯನ್ನೇ ಪಾಠವಾಗಿ ಕಲಿಸಿದ ಶಾಲೆಯಿಂದ ಬಂದ ನನಗೆ, ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟಿದ್ದ ಅವರ ಮೇಲೆ ಹೊಟ್ಟೆಕಿಚ್ಚು! ನನ್ನ ವಾಕ್ಯ ಎಲ್ಲಿ ದಣಿಯುತ್ತದೆಂದು ನನಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು.

“ಅಕ್ಕಾರ, ನಿಮ್ಮ ಸಿಟ್ಟು ಎರಡಿಂಚು ಉದ್ದ ಆಗೇತ್ರಿ. ಎಲ್ಲಿ ಕತ್ತರಸ್ಲಿ?” ಎಂದು ನಗುತ್ತಿದ್ದರು. ಆ ನಗುವನ್ನೂ ನಾನು ಸಹಿಸುತ್ತಿರಲಿಲ್ಲ.

ಒಮ್ಮೆ ಜೋಗೇಶ್ವರಿಯ ಬಣ್ಣದ ಕಾರ್ಖಾನೆಯೊಂದರ ಬಗ್ಗೆ ಬರೆದೆ. ಎಡ ಅಂಕಣದಲ್ಲಿ ಕೆಮ್ಮುತ್ತ ದುಡಿಯುವ ಹೆಂಗಸರ ಮಾತು, ಬಲದಲ್ಲಿ ಮಾಲೀಕನ ಉತ್ತರ. ಅವರು ಚಹಾಕ್ಕೆ ಹೋದಾಗ, ಇದೇನು ಮಹಾವಿದ್ಯೆ ಎಂದುಕೊಂಡು ಎರಡೂ ಅಂಕಣಗಳ ಕೊನೆಯ ಪಟ್ಟಿಗಳನ್ನು ನಾನೇ ಅಂಟಿಸಿದೆ. ಮರಳಿ ಬಂದವರಿಗೆ, “ಓದಿ ನೋಡಿದ್ದೇನೆ, ಅಚ್ಚಿಗೆ ಕಳಿಸಿ” ಎಂದೆ. ನಂಬಿದರು. ಅಚ್ಚಾದ ಪುಟದಲ್ಲಿ ಪಟ್ಟಿಗಳು ಅದಲುಬದಲಾಗಿದ್ದವು. ‘ಇಲ್ಲಿ ಯಾರಿಗೂ ಯಾವ ತೊಂದರೆಯೂ ಇಲ್ಲ’ ಎಂಬ ಮಾಲೀಕನ ಮಾತು ಆ ಹೆಂಗಸರ ಬಾಯಲ್ಲಿ ಬಂದಿತ್ತು.

ಸಂಪಾದಕರು ಕೆಂಡವಾದರು. ಪುಟ ಕಟ್ಟುವ ಅವರು ಮೂಲ ಹಾಳೆಯ ಮೇಲೆ ಓರೆಯಾಗಿ ಕೂತಿದ್ದ ಪಟ್ಟಿಯನ್ನು ಬೆರಳಿನಿಂದ ಸವರಿ, ಒಮ್ಮೆ ನನ್ನತ್ತ ನೋಡಿದರು.

“ಪುಟ ನಂದ್ರಿ, ಸಾಹೇಬ್ರ. ತಪ್ಪೂ ನಂದ.”

ಅವರ ಕೆಲಸ ಹೋಯಿತು. ಊರಿನ ಪ್ರತಿಯೊಂದು ತಪ್ಪನ್ನೂ ಹೆಸರಿಟ್ಟು ಕರೆಯುತ್ತಿದ್ದ ನಾನು ಇದೊಂದನ್ನು ಮಾತ್ರ ನುಂಗಿಕೊಂಡೆ. ಅದಕ್ಕಿಂತ ಹೀನವಾದುದನ್ನೂ ಹೇಳಿಬಿಡಬೇಕು: ಮರುದಿನ ಅವರಿಲ್ಲದ ಮೇಜು ಕಂಡಾಗ ಒಂದು ಕ್ಷಣ ನನ್ನ ಎದೆ ಹಗುರವಾಗಿತ್ತು...

ಅವರು ತೀರಿಕೊಂಡರೆಂದು ಕಳೆದ ತಿಂಗಳು ತಿಳಿಯಿತು. ಈಗ ನಾನು ದುಡಿಯುವ ಸಂಘಟನೆಯ ಜಾಲತಾಣಕ್ಕೆ, ಜಾಲಪುಟಗಳ ಸಂಕೇತಭಾಷೆಯಾದ ಎಚ್‌ಟಿಎಮ್‌ಎಲ್‌ನಲ್ಲಿ ನಾನೇ ಪುಟ ಕಟ್ಟುತ್ತೇನೆ. ನಿನ್ನೆ ಎರಡು ಅಂಕಣ ಮಾಡಿದೆ: ಎಡಕ್ಕೆ ನನ್ನ ತಪ್ಪೊಪ್ಪಿಗೆ, ಬಲಕ್ಕೆ ಅವರ ಉತ್ತರಕ್ಕೆಂದು ಬಿಟ್ಟ ಜಾಗ. ಆದರೆ ಒಳಗೆ ಒಂದಕ್ಷರವೂ ಇಲ್ಲದ್ದರಿಂದ ಕಂಪ್ಯೂಟರ್ ತೆರೆಯ ಮೇಲೆ ಆ ಖಾಲಿ ಅಂಕಣ ನಿಲ್ಲಲೇ ಇಲ್ಲ; ನನ್ನ ಮಾತೇ ಪುಟದಗಲಕ್ಕೂ ಹರಡಿಕೊಂಡಿತು.