ಮಾದೇವಕ್ಕನ ಹಾಲು

ಮಾದೇವಕ್ಕಾ, ನೀನು ಹಾಲಿಗೆ ನೀರು ಹಾಕಿರಲಿಲ್ಲ. ಅದು ನನಗೆ ಅವತ್ತೇ ಗೊತ್ತಾಗಿತ್ತು.

ಊರಿನ ಹಾಲಿನ ಸೊಸೈಟಿಯ ಲಿನಕ್ಸ್ ಕಂಪ್ಯೂಟರ್ ನೋಡಿಕೊಳ್ಳುವವಳು ನಾನೇ. ಆನ್ ಮಾಡಿದ ಕೂಡಲೇ ಹಾಲಿನ ಪ್ರೋಗ್ರಾಂ ತಾನಾಗಿ ತೆರೆದುಕೊಳ್ಳಲಿ ಅಂತ ಸ್ಟಾರ್ಟಪ್‌ಗೆ ಸೇರಿಸಿದ್ದೆ. ಆದರೆ ಹಿಂದಿನ ದಿನ ಮುಚ್ಚದೆ ಬಿಟ್ಟದ್ದನ್ನು ಮತ್ತೆ ತೆರೆಯುವ ಅಭ್ಯಾಸ ಆ ಕಂಪ್ಯೂಟರ್‌ಗೆ ಮೊದಲೇ ಇತ್ತು. ನಾನು ಯಾವತ್ತು ಮುಚ್ಚಿದ್ದೆ? ಹಾಗೇ ಆಫ್ ಮಾಡಿ ಮನೆಗೆ ಓಡುತ್ತಿದ್ದೆ. ಹೀಗಾಗಿ ಒಂದೇ ಪ್ರೋಗ್ರಾಂ ಎರಡು ಸಲ ತೆರೆದು, ಒಂದರ ಹಿಂದೆ ಒಂದು ಅಡಗಿ ಕೂತಿತ್ತು. ಹಾಲಿನ ಗಟ್ಟಿತನ ಅಳೆಯುವ ಮಿಷಿನ್ ಕಳಿಸಿದ ಅಂಕಿ ಒಮ್ಮೆ ಮುಂದಿನದಕ್ಕೆ ಬರುತ್ತಿತ್ತು, ಒಮ್ಮೆ ಹಿಂದಿನದಕ್ಕೆ.

ನಿನ್ನ ಅಂಕಿ ಹಿಂದಿನದಕ್ಕೆ ಹೋಯಿತು. ಕಣ್ಣಿಗೆ ಕಾಣುತ್ತಿದ್ದದ್ದು ನಿನಗಿಂತ ಮುಂಚೆ ಹಾಲು ಸುರಿದವರ ಕಡಿಮೆ ಅಂಕಿ.

ಸೆಕ್ರೆಟರಿ ಬಗ್ಗಿ ನೋಡಿದರು. "ಏನ್ ಮಾದೇವಕ್ಕ, ಹಾಲ್ಗೆ ನೀರ್ ಆಕಿದ್ಯಾ?" ಕ್ಯೂ ಪೂರ್ತಿ ನಿನ್ನ ಕಡೆ ತಿರುಗಿತು.

"ಮಾದಪ್ಪನಾಣೆಗೂ ಇಲ್ಲ ಕಣಪ್ಪಾ! ಲೇ ಕೆಂಪೀ, ನೀನೇ ಏಳೇ, ನಾನು ಅಂಗ್ ಮಾಡೋಳಾ?"

"ಮಿಷಿನ್ ಸುಳ್ ಏಳಲ್ಲಕ್ಕ" ಅಂದೆ. ಅಷ್ಟೇ.

ಆಗ ನಿಜವಾಗಿ ಹಾಗೇ ಅಂದುಕೊಂಡಿದ್ದೆ. ಎಲ್ಲರೂ ಹೋದ ಮೇಲೆ ಮುಂದಿನ ವಿಂಡೋ ಸರಿಸಿದೆ — ಹಿಂದೆ ಇನ್ನೊಂದು. ಅದರಲ್ಲಿ ನಿನ್ನ ಹಾಲಿನ ಅಂಕಿ, ದಿನವೂ ಬರುವಂಥ ಗಟ್ಟಿ ಅಂಕಿ. ನಾನು ಸ್ಟಾರ್ಟಪ್‌ಗೆ ಸೇರಿಸಿದ್ದನ್ನು ತೆಗೆದುಹಾಕಿದೆ. ಮತ್ತೆ ಆನ್ ಮಾಡಿದೆ, ಒಂದೇ ತೆರೆಯಿತು. ಸರಿಹೋಯಿತು ಅಂತ ಮನೆಗೆ ಹೋಗಿ ಉಂಡೆ. ಅಳು ಬರಲಿಲ್ಲ, ಭಯವೂ ಆಗಲಿಲ್ಲ. ಈಗಲೂ ಏನೂ ಆಗುವುದಿಲ್ಲ — ಅದೇ ಒಂಥರಾ —

ಊರಲ್ಲಿ ನಿನಗೆ ಇದ್ದ ಮರ್ಯಾದೆ ಒಂದೇ. ಸೋಮವಾರ ಮಾದಪ್ಪನ ಅಭಿಷೇಕಕ್ಕೆ ನಿನ್ನ ಮನೆಯ ಹಾಲು ಹೋಗಬೇಕು; ನಿಮ್ಮತ್ತೆಯ ಕಾಲದಿಂದ ಬಂದ ಪದ್ಧತಿ. ನೀರು ಹಾಲಿನವಳು ಅಂತ ಹೆಸರಾದ ಮೇಲೆ ಗುಡಿಯವರು ಬೇಡ ಅಂದರು. ನೀನು ತುಂಬಿದ ಚೊಂಬು ಹಿಡಿದು ವಾಪಸು ಬಂದದ್ದನ್ನು ಸೊಸೈಟಿ ಬಾಗಿಲಿನಿಂದ ನೋಡಿದೆ. ಒಳಗೆ ಹೋಗಿ ಕೂತೆ. ಆಮೇಲೆ ನೀನು ಹಸುವನ್ನೇ ಕೊಟ್ಟುಬಿಟ್ಟೆ. ಇಷ್ಟು ವರ್ಷ ಆದರೂ ಗುಡಿ ಕಡೆ ತಲೆ ಹಾಕಿಲ್ಲ.

ನಾನು ಯಾಕೆ ಬಾಯಿ ಬಿಡಲಿಲ್ಲ ಅಂದರೆ — ನಿನಗಿಂತ ಮುಂಚೆ ಹಾಲು ಸುರಿದವಳು ನಮ್ಮಮ್ಮ. ಆ ನೀರು ಹಾಲು ಅವಳದು. ಅಂಕಿ ಕಡಿಮೆ ಇದ್ದದ್ದು ನನಗೆ ಕಂಡಿತ್ತು. ತಾಯಿ ಅಲ್ಲವಾ ಅಂತ ಸುಮ್ಮನೆ ದಾಟಿಸಿದ್ದೆ.

ಈಗ ಮಾದಪ್ಪನಿಗೆ ಹಾಲು ಹೋಗುವುದು ನಮ್ಮ ಮನೆಯಿಂದ. ಪ್ರತಿ ಸೋಮವಾರ ಅಮ್ಮ ತಲೆಗೆ ನೀರು ಹಾಕಿಕೊಂಡು, ಚೊಂಬಿಗೆ ವಿಭೂತಿ ಹಚ್ಚಿಕೊಂಡು ಹೊರಡುತ್ತಾಳೆ. ಜನ ದಾರಿ ಬಿಡುತ್ತಾರೆ. ನಾನೂ ಹಿಂದೆ ಹೋಗಿ ಕೈ ಮುಗಿಯುತ್ತೇನೆ.

ಕ್ಷಮಿಸು ಅಂತ ಕೇಳುವುದಿಲ್ಲ. ನಾಳೆ ಸೋಮವಾರ. ಬೆಳಿಗ್ಗೆ ಸೊಸೈಟಿ ಹತ್ತಿರ ಬಾ ಅಕ್ಕ, ಕ್ಯೂನಲ್ಲಿ ನಿಂತಿರುವವರ ಎದುರಿಗೇ ಹೇಳುತ್ತೇನೆ. ಅಮ್ಮನೂ ಅಲ್ಲೇ ಇರುತ್ತಾಳೆ.