ಖೋ ಕೊಡುವ ಹೊತ್ತು

ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ನಾನು ಇಳಕಲ್ಲಿನ ಹೈಸ್ಕೂಲಿನಲ್ಲಿ ಓದುತ್ತಿದ್ದೆ. ನಮ್ಮ ಓಣಿಯ ಹುಡುಗಿಯರಿಗೆ ಶಾಲೆ ಬಿಟ್ಟ ಮೇಲೆ ಒಂದೇ ಕೆಲಸ: ರಾಟಿಯ ಮುಂದೆ ಕೂತು ಮಗ್ಗದ ಲಾಳಿಗೆ ಬೇಕಾದ ಕಂಡಿಕೆಗೆ ನೂಲು ಸುತ್ತುವುದು. ಅಂಥವರನ್ನು ಸಂಜೆ ಮೈದಾನಕ್ಕೆ ಇಳಿಸಿದವರು ಬಾಗಲಕೋಟೆಯಿಂದ ವರ್ಗವಾಗಿ ಬಂದ ಪಿ.ಟಿ. ಅಕ್ಕೋರು. ಸೆರಗನ್ನು ಸೊಂಟಕ್ಕೆ ಬಿಗಿದು ಅವರು ಓಡತೊಡಗಿದರೆ ಮಾಸ್ತರರೆಲ್ಲ ಕಿಟಕಿಗೆ ಬರುತ್ತಿದ್ದರು.

ಅವ್ವ ಒಪ್ಪಿದ್ದು ಒಲ್ಲದ ಮನಸ್ಸಿನಿಂದ. ಮನೆಯ ಮಗ್ಗದಲ್ಲಿ ನೇಯುವವಳು ಅವಳೇ. ಕಂಡಿಕೆ ಇಲ್ಲದಿದ್ದರೆ ಮಗ್ಗ ನಿಲ್ಲುತ್ತದೆ. "ಹುನಗುಂದದ ತಾಲೂಕ ಆಟದ ತನಕ ಹೋಗು. ಸೋತ ಬಂದ್ರ ಅಲ್ಲಿಗೆ ಮುಗೀತು, ಮತ್ತ ಮೈದಾನದ ಹೆಸರ ತಗೀಬಾರ್ದು" ಅಂದಳು. ಅವ್ವನದು ಒಂದು ಮಾತೆಂದರೆ ಒಂದೇ ಮಾತು. ನನಗೋ ಖೋ-ಖೋ ಇಲ್ಲದಿದ್ದರೆ ರೊಟ್ಟಿ ಸೇರದಂಥ ಹುಚ್ಚು.

ಅಕ್ಕೋರು ಕಲಿಸುವ ರೀತಿಯೇ ಬೇರೆ. "ಕೌಶಲ್ಯದಾಗ ಎರಡ ನಮೂನಿ ಅದಾವ" ಅಂದರು ಮೊದಲ ದಿನ. "ಒಂದು ಮುಚ್ಚಿದ್ದು. ಗುಂಡು ಎಸೀತೀರಿ, ಯಾರೂ ಅಡ್ಡ ಬರೂದಿಲ್ಲ. ಅಲ್ಲಿ ಪ್ರತಿ ಸರ್ತಿ ಒಂದೇ ತರ ಮಾಡಿದಾಕಿನ ಜಾಣಿ. ಇನ್ನೊಂದು ತೆರೆದದ್ದು. ಎದುರಿನಾಕಿ ಏನ ಮಾಡ್ತಾಳ ನೋಡಿ ನೀವು ಮಾಡಬೇಕು." ಆಟದ ಸಾಲಿನ ತುದಿಯ ಕಂಬ ಹಿಡಿದು ತಿರುಗುವುದನ್ನು ಒಬ್ಬೊಬ್ಬರಿಂದಲೇ ಮಾಡಿಸಿದರು, ಮೊದಲು ನಡೆದು, ಆಮೇಲೆ ಓಡಿ. ಅದು ಮುಚ್ಚಿದ್ದು, ಬೇಗ ಕೈಗೆ ಹತ್ತಿತು. ಒಂದೇ ಕೆಲಸವನ್ನು ಬೇಸರವಿಲ್ಲದೆ ಮಾಡುವುದನ್ನು ನೇಕಾರರ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ.

ನಾವು ಎಡವಿದ್ದು ಬೆನ್ನಟ್ಟುವಾಗ. ಓಡುವವಳು ಸಾಲು ದಾಟಬಹುದು, ಬೆನ್ನಟ್ಟುವವಳು ದಾಟುವಂತಿಲ್ಲ; ಸಾಲಿನಲ್ಲಿ ಕೂತ ತನ್ನವರಲ್ಲಿ ಒಬ್ಬಳ ಬೆನ್ನು ಮುಟ್ಟಿ 'ಖೋ' ಎಂದರೆ ಅವಳೆದ್ದು ಸಾಲಿನ ಆ ಬದಿಗೆ ಬೆನ್ನಟ್ಟಬೇಕು. ಬಾದಾಮಿಯ ಹುಡುಗಿಯರು ಅಭ್ಯಾಸದ ಪಂದ್ಯಕ್ಕೆ ಬಂದಾಗ ಅವರ ನೆರಳನ್ನೂ ಮುಟ್ಟಲಾಗಲಿಲ್ಲ. ನಾವು ಖೋ ಕೊಡುವಷ್ಟರಲ್ಲಿ ಅವರು ಸಾಲು ದಾಟಿ ಈ ಬದಿಗೆ ಬಂದಿರುತ್ತಿದ್ದರು. ಮಾಟ ಮಾಡಿಸಿಕೊಂಡು ಬಂದಿದ್ದಾರೆಂದು ನಾನು ಸಿಡಿಮಿಡಿಗೊಂಡೆ. ಅಕ್ಕೋರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತು ಆಟವನ್ನು ಬರೀ ಕೇಳಿಸಿಕೊಂಡರು. ಆಮೇಲೆ ನಕ್ಕರು.

"ಲಾಳಿ ಹೊಡದಂಗ ಖೋ ಕೊಡಾಕತ್ತೀರಲ್ಲ, ಅಳತಿಗೆ ಸರಿಯಾಗಿ. ಮುಂದಿನ ಖೋ ಯಾವಾಗ ಅಂತ ನಾನ ಕಣ್ಣ ಮುಚ್ಚಿ ಹೇಳ್ತೇನಿ. ಅವರಿಗೆ ಗೊತ್ತಾಗೂದಿಲ್ಲೇನು?"

ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದವರು ನಾವು. ತಾಳ ತಪ್ಪಿದರೆ ಬಟ್ಟೆ ಕೆಡುತ್ತದೆ ಎಂದು ಬೈಸಿಕೊಂಡವರು. ತಾಳ ತಪ್ಪಿಸಿ ಎಂದು ನಮಗೆ ಹೇಳಿದವರು ಅವರೊಬ್ಬರೇ. ದಿನಾ ಸಂಜೆ ತಾವೇ ಓಡುವವರಾಗಿ ನಮ್ಮ ಮುಂದೆ ನಿಂತರು. "ಕಾಲು ನೋಡಬ್ಯಾಡ್ರಿ, ಕಾಲು ಸುಳ್ಳ ಹೇಳತಾವ. ಸೊಂಟ ನೋಡ್ರಿ" ಅನ್ನುವರು. ಎದುರಿನವಳ ಸೊಂಟ ವಾಲುವ ತನಕ ಖೋವನ್ನು ನುಂಗಿಕೊಂಡಿರುವುದು ಕಲಿಯಲು ನನಗೆ ಇಡೀ ಮಳೆಗಾಲ ಬೇಕಾಯಿತು. ಅಕ್ಕೋರು ಒಮ್ಮೆಯೂ ಸಿಡುಕಲಿಲ್ಲ. ಅಂಥ ಗುರುವನ್ನು ನಾನು ಮತ್ತೆ ಕಂಡಿಲ್ಲ.

ಹುನಗುಂದ ಅವ್ವನ ತವರು. ಆಟದ ದಿನ ತವರಿಗೆ ಹೋಗುವ ನೆಪ ಮಾಡಿ ನಮ್ಮ ಬಸ್ಸಿನಲ್ಲೇ ಬಂದು, ಮೈದಾನದ ಗೋಡೆಯ ಪಕ್ಕ ನಿಂತಳು. ಎದುರು ತಂಡದಲ್ಲಿ ಯಾರ ಕೈಗೂ ಸಿಗದ ಎತ್ತರದ ಹುಡುಗಿಯೊಬ್ಬಳಿದ್ದಳು. ಅವಳ ಬೆನ್ನು ಹತ್ತಿದೆ. ಅವಳು ಸಾಲಿನ ಆ ಬದಿಗೆ ದಾಟಿದಳು. ಖೋ ಬಾಯಿತುದಿಗೆ ಬಂದಿತ್ತು, ತಡೆದೆ. ಖೋ ಬಂದೇ ಬಿಟ್ಟಿತೆಂದು ಲೆಕ್ಕ ಹಾಕಿ ಅವಳು ಮತ್ತೆ ಸಾಲು ದಾಟಿ ನೆಟ್ಟಗೆ ನನ್ನ ಕಡೆಗೇ ಬಂದಳು. ಮುಟ್ಟಿಬಿಟ್ಟೆ. ಆ ಖುಷಿ ಹೇಳತೀರದು. ಆದರೆ ಎರಡನೆಯ ಸರದಿಯಲ್ಲಿ ಅವಳು ಸಿಗಲೇ ಇಲ್ಲ, ಒಂದು ಅಂಕದಿಂದ ಸೋತೆವು.

ಅವ್ವ ತವರಿನ ಕಡೆ ಹೋಗದೆ ನಮ್ಮ ಬಸ್ಸಿನಲ್ಲೇ ಇಳಕಲ್ಲಿಗೆ ವಾಪಸು ಹೊರಟಳು. ನನ್ನ ಆಟ ಇಲ್ಲಿಗೆ ಮುಗಿಯಿತೆಂದು ನಾನು ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದೆ. ಬಸ್ಸು ಇಳಿದ ಮೇಲೆ ಅವ್ವ ಸೀದಾ ಅಕ್ಕೋರ ಮುಂದೆ ಹೋಗಿ ನಿಂತಳು.

"ಅಕ್ಕೋರ, ಆ ಉದ್ದಾನ ಹುಡುಗಿ ಮೊದಲ ಸರ್ತಿ ನಮ್ಮಾಕಿಗೆ ಸಿಕ್ಳು. ಎರಡನೇ ಸರ್ತಿ ಯಾಕ ಸಿಗಲಿಲ್ರಿ?"

"ಎರಡನೇ ಸರ್ತಿ ಆಕೀನೂ ಇಕಿ ಸೊಂಟ ನೋಡಾಕತ್ತಿದ್ಲವ್ವಾ."

ಅವ್ವ ನನ್ನ ಕೈಯೊಳಗಿನ ಚೀಲ ಇಸಿದುಕೊಂಡಳು.

"ಹಂಗಾರ ಕಲಿಯೂದು ಇನ್ನೂ ಐತಿ ಅಂದಂಗಾತು. ನಾಳೆ ಸಂಜಿಗೆ ಕಳಿಸ್ತೇನ್ರಿ. ಕಂಡಿಕಿ ನಾ ಸುತ್ತಕೊಂತೇನಿ."